ಕಾಲುರಿ ಹೋದ ಸಾಕ್ಷಿ

ಇಂಗ್ಲೆಂಡಿನಲ್ಲಿ ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲಿ ನನಗೊಂದು ಅಡ್ಡಹೆಸರಿದೆ: ಕಾಲುಚೀಲದ ಡಾಕ್ಟರು. ನನ್ನದು ಸಕ್ಕರೆ ಕಾಯಿಲೆಯ ವಿಭಾಗ. ಬರುವವರಲ್ಲಿ ಹೆಚ್ಚಿನವರು ಎಪ್ಪತ್ತು ದಾಟಿದವರು, ಬಗ್ಗಿ ತಮ್ಮ ಅಂಗಾಲನ್ನು ತಾವೇ ನೋಡಿಕೊಳ್ಳಲಾರದವರು. ಅವರ ಬೂಟು, ಕಾಲುಚೀಲ ಬಿಚ್ಚಲು ನರ್ಸುಗಳಿದ್ದಾರೆ. ಆದರೂ ನಾನೇ ನೆಲಕ್ಕೆ ಮಂಡಿಯೂರಿ ಬಿಚ್ಚುತ್ತೇನೆ, ಬೆರಳ ಸಂದಿಗಳನ್ನೆಲ್ಲ ನೋಡುತ್ತೇನೆ, ಒರೆಸುತ್ತೇನೆ, ಮತ್ತೆ ನಾನೇ ಹಾಕಿಕೊಡುತ್ತೇನೆ. ಅಲ್ಲಿ ರೋಗಿ ತಾನಾಗಿ ಕೇಳದ ಹೊರತು ದೇವರ ಮಾತೆತ್ತುವಂತಿಲ್ಲ. ಅದು ಸರಿಯಾದ ನಿಯಮವೆಂದೇ ನನಗೂ ಅನ್ನಿಸಿದೆ. ನನ್ನ ಪ್ರಾರ್ಥನೆ ಏನಿದ್ದರೂ ಕಾಲು ಒರೆಸುವ ಆ ಎರಡು ನಿಮಿಷದಲ್ಲಿ, ಕೈಯಲ್ಲೇ ಆಗಿಹೋಗುತ್ತದೆ. ಕೇರಳದಿಂದ ಬಂದ ಹಿರಿಯ ನರ್ಸೊಬ್ಬರು ಮಾತ್ರ ಇದನ್ನು ಕಂಡುಹಿಡಿದಿದ್ದರು. “ಏನ್ ಡಾಕ್ಟರ್, ಆರಾಧನೆ ಮುಗೀತಾ? ಹೊರಗಡೆ ಇನ್ನೂ ಹನ್ನೊಂದು ಜೊತೆ ಪಾದ ಕಾಯ್ತಾ ಕೂತಿವೆ” ಎಂದು ಛೇಡಿಸುತ್ತಿದ್ದರು.

ಇದನ್ನೆಲ್ಲ ನಾನು ಹೆಮ್ಮೆಯಿಂದಲೇ ಹೇಳಿಕೊಂಡು ತಿರುಗುತ್ತಿದ್ದೆ. ಕಳೆದ ಮಾವಿನ ಕಾಲದಲ್ಲಿ ರಜೆಗೆಂದು ಊರಿಗೆ ಬರುವವರೆಗೂ.

ಊರೆಂದರೆ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ರಾಯಲ್ಪಾಡಿನಿಂದ ಇನ್ನೂ ಒಳಗೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಚರ್ಚಿನಲ್ಲಿ ಬಾಯಿಗೆ ಯಾವುದು ಬರುತ್ತದೋ ಅದು. ತಾತನ ಕಾಲದಲ್ಲಿ ಕ್ರೈಸ್ತರಾದ ಕೆಲವೇ ಮನೆಗಳು ನಮ್ಮವು. ಈಗಿಲ್ಲದ ನಮ್ಮಪ್ಪ ನಂಗಲಿಯಲ್ಲಿ ಲಾರಿಗಳಿಗೆ ಲೋಡು ಹಾಕುತ್ತಿದ್ದರು. ಅಮ್ಮನೂ ಅಪ್ಪನ ತಂಗಿಯಾದ ನನ್ನ ಅತ್ತೆಯೂ ಶ್ರೀನಿವಾಸಪುರದ ಮಂಡಿಗಳಲ್ಲಿ ಮಾವು ಆರಿಸುತ್ತಿದ್ದರು. ನನಗಿಂತ ಮೊದಲು ನಮ್ಮಲ್ಲಿ ಯಾರೂ ಹತ್ತನೇ ತರಗತಿ ದಾಟಿರಲಿಲ್ಲ. ಮುಳಬಾಗಿಲಿನ ಹಾಸ್ಟೆಲಿನಲ್ಲಿದ್ದುಕೊಂಡು ಪಿಯುಸಿ ಓದಿದೆ. ಮೆಡಿಕಲ್ ಸೀಟು ನನಗೆ ಯಾರೂ ಕೊಟ್ಟಿದ್ದಲ್ಲ, ನಾನು ತೆಗೆದುಕೊಂಡದ್ದು. ಮೊದಲ ವರ್ಷ ಅನಾಟಮಿಯಲ್ಲಿ ಫೇಲಾದೆ. ಮೂಳೆಗಳ ಹೆಸರು ಬರುತ್ತಿರಲಿಲ್ಲವೆಂದಲ್ಲ, ಪ್ರಶ್ನೆ ಕೇಳಿದವರ ಇಂಗ್ಲಿಷು ಕಿವಿಗೆ ಹತ್ತುತ್ತಿರಲಿಲ್ಲ.

ಫೇಲಾಗಿ ಊರಿಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದ್ದಾಗ ಅತ್ತೆ ಒಂದು ಹರಕೆ ಹೊತ್ತಳು. ಕ್ರೈಸ್ತರಾದರೂ ಹರಕೆ ಹೊರುವುದನ್ನು ನಮ್ಮವರು ಬಿಟ್ಟಿಲ್ಲ. ಅತ್ತೆಗೆ ಗಂಡನಿಲ್ಲ, ಮಕ್ಕಳಿಲ್ಲ, ಇದ್ದದ್ದು ನಾನೊಬ್ಬಳು. ಎಷ್ಟು ಬೆಳೆದರೂ ಅವಳಿಗೆ ನಾನು ‘ಪಾಪ’, ಅಂದರೆ ಮಗು. “ಪಾಪ ಡಾಕ್ಟ್ರಾಗೋ ಗಂಟ ಕಾಲಿಗೆ ಚಪ್ಪಲಿ ಹಾಕಲ್ಲ ಯೇಸಪ್ಪ, ನೀನೇ ಸಾಕ್ಷಿ” ಅಂದಳು, ಅಮ್ಮನ ಎದುರಿಗೆ. ನಾನು ಡಾಕ್ಟರಾಗಿ ಬರುವ ಹೊತ್ತಿಗೆ ಅವಳ ಅಂಗಾಲು ಹುಣಸೆ ತೊಗಟೆಯ ಹಾಗಾಗಿತ್ತು. ಹರಕೆ ತೀರಿದ ಮೇಲೂ ಬರಿಗಾಲು ಬಿಡಲಿಲ್ಲ, ಅಭ್ಯಾಸವಾಗಿಹೋಗಿತ್ತು. ಸಕ್ಕರೆ ಕಾಯಿಲೆ ಬಂದಾಗ ನಾನು ಇಂಗ್ಲೆಂಡಿನಿಂದ ಮೆತ್ತನೆಯ ವಿಶೇಷ ಬೂಟು ತಂದುಕೊಟ್ಟೆ. ಅದನ್ನು ಅವಳು ಡಬ್ಬದಲ್ಲೇ ಇಟ್ಟುಕೊಂಡಿದ್ದಳು. ಚರ್ಚಿಗೆ ಮಾತ್ರ ಹಾಕಿಕೊಂಡು ಹೋಗುವುದು, ಚರ್ಚಿನ ಬಾಗಿಲಲ್ಲಿ ಬಿಚ್ಚಿ ಒಳಗೆ ಹೋಗುವುದು. ನಮ್ಮಲ್ಲಿ ಚರ್ಚಿನೊಳಗೆ ಎಲ್ಲರೂ ಬರಿಗಾಲೇ.

ಎರಡು ವರ್ಷದ ಹಿಂದೆ ಅವಳಿಗೆ ಕಾಲುರಿ ಶುರುವಾಗಿತ್ತು. ಅಮ್ಮ ಫೋನಿನಲ್ಲಿ ಹೇಳುತ್ತಿದ್ದಳು: ನಿಮ್ಮತ್ತೆ ಕಾಲನ್ನ ತಣ್ಣೀರ್ ಬಾನಿಯಲ್ಲಿಟ್ಟುಕೊಂಡು ಕೂತಿರ್ತಾಳೆ, ಪ್ರಾರ್ಥನೆ ಮಾಡು. ನಾನು ಕೆಲಸ ಮುಗಿಸಿ ಆಸ್ಪತ್ರೆಯ ಕಾರು ನಿಲ್ಲಿಸುವ ಜಾಗದಲ್ಲಿ ಕೂತು, ಅತ್ತೆಗಾಗಿ ಒಂದು ಪ್ರಾರ್ಥನೆಯನ್ನು ಫೋನಿಗೆ ಹೇಳಿ, ಅಮ್ಮನ ಫೋನಿಗೆ ಕಳಿಸುತ್ತಿದ್ದೆ. ಅತ್ತೆಗೆ ಸ್ವಂತ ಫೋನಿಲ್ಲ.

ರಜೆಗೆ ಬಂದದ್ದು ಶನಿವಾರ ಸಂಜೆ. ಅತ್ತೆ ಸೊರಗಿದ್ದಳು. ಕೇಳಿದರೆ, “ಮಾವಿನ ಸೀಸನ್ನು, ಊಟ ಎಲ್ಲಿ ಸೇರ್ತದೆ” ಅಂದಳು. ಅವಳ ಹತ್ತಿರ ಪೌಡರಿನ ವಾಸನೆ ಜೋರಾಗಿತ್ತು. ನಾನು ಬಂದಿದ್ದೇನೆಂದು ಶೃಂಗಾರ ಮಾಡಿಕೊಂಡಿದ್ದಾಳೆ ಅಂದುಕೊಂಡು ನಕ್ಕೆ.

ಮರುದಿನ ಭಾನುವಾರದ ಆರಾಧನೆ. ಪಾಸ್ಟರು ನನ್ನನ್ನು ಮುಂದಿನ ಚಾಪೆಯಲ್ಲಿ ಕೂರಿಸಿದರು. ಹಾಡು ಮುಗಿದ ಮೇಲೆ ಸಾಕ್ಷಿಯ ಹೊತ್ತು. ಅಂದರೆ ದೇವರು ತಮಗೆ ಮಾಡಿದ ಉಪಕಾರವನ್ನು ಒಬ್ಬೊಬ್ಬರೇ ಎದ್ದು ಹೇಳುವುದು. “ಫಾರಿನ್ನಿಂದ ಬಂದಿರೋ ನಮ್ಮ ಡಾಕ್ಟ್ರಮ್ಮ ಮಾತಾಡ್ತಾರೆ, ಅದಕ್ಕೆ ಮುಂಚೆ ಅವರತ್ತೆ ಎರಡು ಮಾತು ಹೇಳ್ತಾರಂತೆ” ಎಂದರು ಪಾಸ್ಟರು. ಅತ್ತೆ ಹಿಂದಿನಿಂದ ಎದ್ದು ಬಂದಳು. ಸೆರಗು ಸರಿಮಾಡಿಕೊಂಡು ಮೈಕು ಹಿಡಿದಳು.

“ಎಲ್ಲಾರ್ಗೂ ಸ್ತೋತ್ರ. ನನ್ ಕಾಲುರಿ ನಿಮಗೆಲ್ಲ ಗೊತ್ತಿದ್ದಿದ್ದೇ. ಒಲೆ ಮೇಲಿಟ್ಟಂಗೆ ಉರೀತಿತ್ತು. ನಮ್ ಪಾಪ ಕ್ರಿಸ್ಮಸ್ಸಿಗೆ ಇಂಗ್ಲೆಂಡಿಂದ ಪ್ರಾರ್ಥನೆ ಕಳಿಸ್ತು. ನಾನು ಫೋನನ್ನ ಹಿಂಗೆ, ಪಾದದ ಮೇಲಿಟ್ಕೊಂಡು ಕೇಳ್ದೆ. ಆವತ್ತೇ ಶುಗರ್ ಮಾತ್ರೆ ತಿಪ್ಪೆಗೆ ಹಾಕ್ದೆ. ಸಂಕ್ರಾಂತಿ ಕಳೆಯೋ ಹೊತ್ತಿಗೆ ಉರಿ ಪೂರ್ತಿ ಹೋಯ್ತು. ಈಗ ಮುಳ್ಳು ಚುಚ್ಚಿದ್ರೂ ಗೊತ್ತಾಗಲ್ಲ, ಕಲ್ಲು ತುಳಿದ್ರೂ ಗೊತ್ತಾಗಲ್ಲ. ಕರ್ತನಿಗೆ ಸ್ತೋತ್ರ!”

“ಸ್ತೋತ್ರ!” ಎಂದಿತು ಸಭೆ. ಕೆಲವರು ನನ್ನ ಕಡೆ ತಿರುಗಿ ಕೈಮುಗಿದರು.

ಕಾಲುರಿ ಎಂದರೆ ನರಗಳು ಸಾಯುತ್ತಾ ಕೂಗುವ ಕೂಗು. ಕೂಗು ನಿಂತಿತೆಂದರೆ ಸತ್ತವು ಎಂದರ್ಥ. ಇದನ್ನು ನಾನು ಪರದೇಶದಲ್ಲಿ ದಿನಕ್ಕೆ ಹತ್ತು ಸಲ ಹೇಳುತ್ತೇನೆ. ನೋವು ಹೋದ ಕಾಲನ್ನೇ ದಿನಾ ನೋಡಿಕೊಳ್ಳಬೇಕು ಎನ್ನುತ್ತೇನೆ. ಇಲ್ಲಿ ಅದೇ ಸಾವಿಗೆ ನನ್ನ ಜನ ಸ್ತೋತ್ರ ಹೇಳುತ್ತಿದ್ದರು, ಅದೂ ನನ್ನ ಹೆಸರಿನಲ್ಲಿ.

ನೆಲ ನೋಡಿದೆ. ಕೆಂಪು ನೆಲದ ಮೇಲೆ ಅತ್ತೆ ನಡೆದುಬಂದ ದಾರಿಯುದ್ದಕ್ಕೂ ಒದ್ದೆ ಗುರುತು. ಎಡಗಾಲಿನದು ಮಾತ್ರ. ಒಂದು ಹೆಜ್ಜೆ ಬಿಟ್ಟು ಒಂದು ಹೆಜ್ಜೆ. ನೀರಾದರೆ ಆರುತ್ತಿತ್ತು. ಇದು ಆರುತ್ತಿರಲಿಲ್ಲ.

ಎದ್ದು ಹೋಗಿ ಅವಳ ಮುಂದೆ ಮಂಡಿಯೂರಿದೆ. “ಅತ್ತೆ, ಕಾಲೆತ್ತು.” ಅವಳು ಸೀರೆಯ ನಿರಿಗೆಯನ್ನು ಕೆಳಕ್ಕೆಳೆದಳು. “ಬೇಡ ಪಾಪ, ಇಲ್ಲೆಲ್ಲಾ ಬೇಡ, ಗಲೀಜು.” ನಾನೇ ಹಿಡಿದು ಎತ್ತಿದೆ. ಹೆಬ್ಬೆರಳ ಬುಡದಲ್ಲಿ ನನ್ನ ಹೆಬ್ಬೆರಳು ಹೋಗುವಷ್ಟು ತೂತು. ಸುತ್ತ ಪೌಡರು ಮೆತ್ತಿತ್ತು. ಹೆಬ್ಬೆರಳೂ ಅದರ ಪಕ್ಕದ ಬೆರಳೂ ನೇರಳೆ ಹಣ್ಣಿನ ಬಣ್ಣ. ತೂತಿನೊಳಗೆ ಬಿಳಿ ಮೂಳೆ ಕಾಣುತ್ತಿತ್ತು. ಆ ಕಾಲಿನಲ್ಲಿ ಅವಳು ಚರ್ಚಿಗೆ ನಡೆದು ಬಂದಿದ್ದಳು, ನಿಂತು ಸಾಕ್ಷಿ ಹೇಳಿದ್ದಳು, ನಗುತ್ತಿದ್ದಳು.

ಈಗ ಹೇಳುವುದನ್ನು ನಗಬೇಕೋ ಅಳಬೇಕೋ ತಿಳಿಯದೆ ಹೇಳುತ್ತಿದ್ದೇನೆ. ಶುಭ ಶುಕ್ರವಾರದ ಹಿಂದಿನ ದಿನ, ಯೇಸು ಶಿಷ್ಯರ ಪಾದ ತೊಳೆದ ನೆನಪಿಗೆ, ನಮ್ಮಲ್ಲಿ ಪಾಸ್ಟರು ಸಭೆಯವರ ಪಾದ ತೊಳೆಯುವ ಪದ್ಧತಿಯಿದೆ. ನಾನು ಮಂಡಿಯೂರಿ ಕಾಲು ಹಿಡಿದದ್ದನ್ನು ಕಂಡವರೆಲ್ಲ ಅದನ್ನೇ ಅಂದುಕೊಂಡರು. “ನೋಡ್ರಿ, ಎಷ್ಟು ಓದಿದ್ರೂ ತಗ್ಗಿಸಿಕೊಳ್ಳೋದು ಅಂದ್ರೆ ಇದು!” ಎಂದು ಪಾಸ್ಟರು ಮೈಕಿನಲ್ಲಿ ಹೇಳಿದರು. ಹೆಂಗಸರು ಹಾಡು ಶುರುಮಾಡಿದರು. ಯಾರೋ ಫೋನು ಎತ್ತಿ ವಿಡಿಯೋ ಹಿಡಿದರು. ಒಬ್ಬ ಮುದುಕಿ ಓಡಿಹೋಗಿ ಒಂದು ಚೊಂಬು ನೀರು, ಟವೆಲು ತಂದು ನನ್ನ ಪಕ್ಕ ಇಟ್ಟಳು.

“ನೀರು ಬೇಡ!” ಎಂದು ಕಿರುಚಿದೆ. “ಗಾಡಿ! ಯಾರ್ದಾದ್ರೂ ಗಾಡಿ ತಗೊಂಬನ್ನಿ!”

ಹಾಡು ಒಂದೇ ಸಲಕ್ಕೆ ನಿಲ್ಲಲಿಲ್ಲ. ಹಿಂದಿನ ಸಾಲಿನವರಿಗೆ ತಿಳಿಯುವವರೆಗೆ ಇನ್ನೂ ಒಂದು ಚರಣ ನಡೆಯಿತು.

ಸಿಕ್ಕಿದ್ದು ಟೊಮೆಟೊ ಸಾಗಿಸುವ ಗಾಡಿ. ಡ್ರೈವರ್ ಪಕ್ಕ ಅತ್ತೆಯನ್ನು ಕೂರಿಸಿ, ನಾನೂ ಅಮ್ಮನೂ ಹಿಂದೆ ಖಾಲಿ ಕ್ರೇಟುಗಳ ನಡುವೆ ಕೂತೆವು. ಶ್ರೀನಿವಾಸಪುರ ದಾಟಿ ಕೋಲಾರದ ರಸ್ತೆ ಹಿಡಿದೆವು. ಆಮೇಲೆ ಅಮ್ಮನ ಮೇಲೆ ಹರಿಹಾಯ್ದೆ.

“ಮಾತ್ರೆ ಬಿಟ್ಟಿದ್ದು ನಿಂಗೆ ಗೊತ್ತಿತ್ತು ತಾನೆ?”

“ಗೊತ್ತಿತ್ತು. ನೀನ್ ಬಂದಾಗ ಸಾಕ್ಷೀಲಿ ತಾನೇ ಹೇಳ್ತೀನಿ, ಅಲ್ಲೀ ಗಂಟ ಹೇಳ್ಬೇಡ ಅಂದಿದ್ಳು.”

“ಬಿಡಬೇಡ, ಬಿಡಬೇಡ ಅಂತ ನಾನು ಎಷ್ಟು ಸಲ ಹೇಳಿ ಕಳ್ಸಿದ್ದೆ! ಅದನ್ನ ಕೇಳಿಸಲಿಲ್ಲ, ಬರೀ ಪ್ರಾರ್ಥನೆ ಕೇಳಿಸ್ದೆ. ಹೌದೋ ಅಲ್ವೋ?”

ಅಮ್ಮ ಸೊಂಟದಿಂದ ಫೋನು ತೆಗೆದು ನನ್ನ ಕೈಗಿಟ್ಟಳು. “ನೀನ್ ಕಳ್ಸಿದ್ದೆಲ್ಲಾ ಹಂಗೇ ಇದೆ. ಒಂದೂ ಅಳಿಸಿಲ್ಲ. ಕೇಳ್ಕೋ.”

ಕೋಲಾರದ ಆಸ್ಪತ್ರೆಯಲ್ಲಿ ಅತ್ತೆಯನ್ನು ಒಳಗೆ ತೆಗೆದುಕೊಂಡರು. ಸಕ್ಕರೆ ಅಳೆಯುವ ಮೀಟರು ಅಂಕಿಯನ್ನೇ ಕೊಡಲಿಲ್ಲ. ಮಿತಿ ಮೀರಿದೆ ಎಂದಷ್ಟೇ ತೋರಿಸಿತು. ಅವರು ಗಾಯ ತೊಳೆಯುತ್ತಿದ್ದಾಗ ನಾನು ಹೊರಗೆ ಬೆಂಚಿನ ಮೇಲೆ ಕೂತು ಅಮ್ಮನ ಫೋನನ್ನು ಕಿವಿಗಿಟ್ಟುಕೊಂಡೆ. ತಪ್ಪು ಅಮ್ಮನದೆಂದು ಸಾಬೀತು ಮಾಡುವುದೇ ನನ್ನ ಉದ್ದೇಶವಾಗಿತ್ತು.

ಮೊದಮೊದಲಿನವು ಉದ್ದುದ್ದ ಇದ್ದವು. ಅತ್ತೆ, ಶುಗರ್ ಎಷ್ಟು ಬಂತು? ಮಾತ್ರೆ ಊಟಕ್ಕೆ ಮುಂಚೆ, ಮರೀಬೇಡ. ಕನ್ನಡಿ ನೆಲಕ್ಕಿಟ್ಟು ಅಂಗಾಲು ನೋಡ್ಕೊ. ಬರಿಗಾಲಲ್ಲಿ ತೋಪಿಗೆ ಹೋದ್ರೆ ಬಂದು ಒದೀತೀನಿ. ಕೊನೆಯಲ್ಲಿ ನಾಲ್ಕು ಮಾತಿನ ಪ್ರಾರ್ಥನೆ. ಕೆಲವು ತಿಂಗಳಾದ ಮೇಲೆ ಕನ್ನಡಿಯ ಮಾತು ಹೋಗಿತ್ತು. ಇನ್ನೂ ಕೆಲವು ತಿಂಗಳಿಗೆ, ಮಾತ್ರೆ ತಗೋತಿದ್ದೀಯಲ್ಲ ಎಂಬುದಷ್ಟೇ ಉಳಿದಿತ್ತು. ಆಮೇಲೆ ಅದೂ ಇಲ್ಲ. ಬರೀ ಪ್ರಾರ್ಥನೆ. ಒಂದರಲ್ಲಿ ಅತ್ತೆಯ ಕಾಲಿನ ಮಾತೇ ಇರಲಿಲ್ಲ; ಯಾರದೋ ಸೊಂಟನೋವಿಗೆ ಮಾಡಿದ ಪ್ರಾರ್ಥನೆಯನ್ನೇ ಇವಳಿಗೂ ತಳ್ಳಿದ್ದೆ. ಹಿಂದುಗಡೆ ನನ್ನ ಕಾರಿನ ಬಾಗಿಲು ಹಾಕಿದ ಸದ್ದು, ಸೀಟು ಬೆಲ್ಟಿನ ಟಕ್ ಎಂಬ ಸದ್ದು. ಮನೆಗೆ ಹೊರಡುವ ಆತುರ.

ಕ್ರಿಸ್ಮಸ್ಸಿನದು ಸಿಕ್ಕಿತು. ನನ್ನದೇ ದನಿ, ನನಗೇ ಗುರುತು ಹತ್ತದಷ್ಟು ಗಂಭೀರ. “ಈ ಗಳಿಗೆಯಿಂದ ಆ ಕಾಯಿಲೆಗೆ ನಿನ್ನ ಮಗಳ ಮೇಲೆ ಅಧಿಕಾರವಿಲ್ಲ ತಂದೆಯೇ, ಆಮೆನ್.” ನಮ್ಮ ಚರ್ಚಿನಲ್ಲಿ ಎಲ್ಲರೂ ಆಡುವ ಮಾತು ಅದು, ನನಗದು ಬಾಯಿಪಾಠ. ಆದರೆ ಆಡಿದವಳು ಡಾಕ್ಟರು. ಅತ್ತೆಗೆ ಅದು ಡಿಸ್ಚಾರ್ಜ್ ಚೀಟಿ.

ಯಾರದೋ ದೇಶದ ಅಪರಿಚಿತ ಮುದುಕರ ಕಾಲುಚೀಲ ಬಿಚ್ಚುತ್ತಿದ್ದ ಅದೇ ದಿನಗಳಲ್ಲಿ, ನನಗಾಗಿ ಬರಿಗಾಲಾದವಳಿಗೆ ನಾನು ಒಂದು ನಿಮಿಷದ ದನಿ ಕಳಿಸಿ ಕೈತೊಳೆದುಕೊಂಡಿದ್ದೆ. ಔಷಧಿ ಹೇಳಬೇಕಾದರೆ ನಾಲ್ಕು ಪ್ರಶ್ನೆ ಕೇಳಬೇಕು, ಉತ್ತರಕ್ಕೆ ಕಾಯಬೇಕು, ಬೈಯಬೇಕು. ಪ್ರಾರ್ಥನೆಗೆ ಅದೊಂದೂ ಬೇಡ. ನನ್ನ ಭಕ್ತಿ ಹೆಚ್ಚಾಗಿದೆ ಎಂದುಕೊಂಡಿದ್ದೆ. ಹೆಚ್ಚಾದದ್ದು ಸೋಮಾರಿತನ.

ಫೋನು ಅಮ್ಮನಿಗೆ ವಾಪಸ್ಸು ಕೊಟ್ಟೆ. ಅವಳು, “ಟೀ ಕುಡೀತೀಯಾ?” ಅಂದಳು.

ಶಸ್ತ್ರಚಿಕಿತ್ಸೆಯ ಡಾಕ್ಟರು ನನಗಿಂತ ಚಿಕ್ಕವರು, ಮಾಲೂರು ಕಡೆಯವರು. ಕೇಸ್ ಶೀಟು ಹಿಡಿದು ಅತ್ತೆಯ ಮಂಚದ ಪಕ್ಕ ನಿಂತರು.

“ಮಾತ್ರೆ ಯಾವಾಗ ನಿಲ್ಸಿದ್ದಮ್ಮ?”

“ಕ್ರಿಸ್ಮಸ್ ಹಬ್ಬಕ್ಕೆ.”

“ಯಾರು ಹೇಳಿದ್ರು ನಿಲ್ಸೋಕೆ? ನಾಟಿ ಔಷಧಿಯೋರಾ?”

ಅತ್ತೆ ನನ್ನನ್ನು ನೋಡಲಿಲ್ಲ. ಗೋಡೆಯ ಕಡೆ ನೋಡಿಕೊಂಡು, “ಯಾರೂ ಹೇಳಿಲ್ಲ ಸಾರ್, ನಾನೇ. ನಂಗೆ ತಲೆ ಇಲ್ಲ” ಅಂದಳು.

“ನಾನು,” ಅಂದೆ.

ಅವರು ತಲೆಯೆತ್ತಿದರು. “ಮೇಡಮ್, ನೀವು ಡಾಕ್ಟ್ರು ಅಂದ್ರಲ್ಲ. ಯಾವ ವಿಭಾಗ?”

“ಸಕ್ಕರೆ ಕಾಯಿಲೆ.”

ಅವರು ಹಾಳೆಯ ಮೇಲೆ ಏನೋ ಬರೆದರು. ಏನು ಬರೆದರೆಂದು ನೋಡುವ ಧೈರ್ಯ ಬರಲಿಲ್ಲ. ಬೆರಳುಗಳು ಉಳಿಯುವುದಿಲ್ಲ, ಹಿಮ್ಮಡಿ ಉಳಿಸಲು ನೋಡುತ್ತೇವೆ, ಅದೂ ಆಗದಿದ್ದರೆ ಮೊಣಕಾಲಿನ ಕೆಳಗೆ ತೆಗೆಯಬೇಕಾಗುತ್ತದೆ ಎಂದರು. ನಾನು ಡಾಕ್ಟರಾಗಿ ಎಷ್ಟೋ ಜನರಿಗೆ ಇದೇ ಮಾತು, ಇದೇ ದನಿಯಲ್ಲಿ ಹೇಳಿದ್ದೇನೆ. ಕೇಳುವ ಕಡೆ ನಿಂತಾಗ ಅದು ಹೀಗೆ ಕೇಳಿಸುತ್ತದೆಂದು ಗೊತ್ತಿರಲಿಲ್ಲ.

ಸ್ಟ್ರೆಚರಿಗೆ ಹಾಕುವ ಮುಂಚೆ ಅತ್ತೆ ನನ್ನ ಕೈ ಹಿಡಿದಳು. “ಪಾಪ, ಕೋಪ ಮಾಡ್ಕೋಬೇಡ. ಪಾಸ್ಟ್ರು ಪ್ರಾರ್ಥನೆ ಮಾಡಿದಾಗ ನಾನು ಮಾತ್ರೆ ಬಿಟ್ಟಿರಲಿಲ್ಲ ಕಣೇ. ಅವರು ಪಾಸ್ಟ್ರು, ಅವರಿಗೇನ್ ಗೊತ್ತು ಶುಗರ್ ವಿಷ್ಯ. ನೀನ್ ಮಾಡ್ದಾಗ ಬಿಟ್ಟೆ. ಡಾಕ್ಟ್ರು ಪ್ರಾರ್ಥನೆ ಅಂದ್ರೆ ಔಷಧೀನೂ ಅದ್ರೊಳಗೇ ಇರುತ್ತೆ ಅಂತ…”

ಮಾತು ನಿಲ್ಲಿಸಿ, “ಈಗೊಂದು ಪ್ರಾರ್ಥನೆ ಮಾಡು” ಅಂದಳು.

ಅವಳ ಕಾಲಿನ ಮೇಲಿನ ಹೊದಿಕೆ ಎಳೆದು ಸರಿಮಾಡುತ್ತ ನಿಂತೆ. ಅವಳೇ ಕಣ್ಣು ಮುಚ್ಚಿ ತೆಲುಗಿನಲ್ಲಿ ಶುರುಮಾಡಿದಳು. ಆಪರೇಷನ್ ಮಾಡುವ ಮಗನ ಕೈ ನಡುಗದಿರಲಿ ಎಂದಳು. ಗಾಡಿಯ ಡ್ರೈವರು ಕ್ಷೇಮವಾಗಿ ಊರು ಸೇರಲಿ ಎಂದಳು. ಪಾಪ ಬೆಳಗ್ಗೆಯಿಂದ ಏನೂ ತಿಂದಿಲ್ಲ, ಅವಳಿಗೆ ಊಟ ಮಾಡಿಸು ಯೇಸಯ್ಯ ಎಂದಳು. ತನ್ನ ಕಾಲಿನ ವಿಷಯ ಎತ್ತಲೇ ಇಲ್ಲ. ನಾನು ಆಮೆನ್ ಅಂದೆ.

ಹಿಮ್ಮಡಿ ಉಳಿಯಿತು. ಐದು ಬೆರಳೂ ಪಾದದ ಮುಂಭಾಗವೂ ಹೋದವು. ಎಚ್ಚರವಾದ ಮೇಲೆ ಅವಳು ಬ್ಯಾಂಡೇಜು ನೋಡಿದಳು. “ಆ ಬೂಟು ಇನ್ನು ನಂಗಾಗಲ್ಲ ಅಲ್ವಾ? ಹೊಸಾದು ಕಣೇ. ಚರ್ಚಿಗೆ ಬಿಟ್ರೆ ಹಾಕ್ಕೊಂಡು ಹತ್ತು ಹೆಜ್ಜೆ ನಡೆದಿಲ್ಲ” ಅಂದಳು.

ಮುಂದಿನ ಭಾನುವಾರ ಅವಳಿನ್ನೂ ಆಸ್ಪತ್ರೆಯಲ್ಲಿದ್ದಳು. ಅವಳೇ ನನ್ನನ್ನೂ ಅಮ್ಮನನ್ನೂ ಊರಿಗೆ ಕಳಿಸಿದಳು. “ಹೋದ ವಾರ ನಾನು ಸುಳ್ಳು ಸಾಕ್ಷಿ ಹೇಳ್ಬಿಟ್ಟಿದ್ದೀನಿ. ಅದನ್ನ ನಂಬ್ಕೊಂಡು ಇನ್ಯಾರಾದ್ರೂ ಮಾತ್ರೆ ಬಿಟ್ಟಾರು. ಹೋಗ್ ಸರಿಮಾಡಿ ಬಾ.”

ಸಾಕ್ಷಿಯ ಹೊತ್ತಿಗೆ ಎದ್ದು, ಮೈಕು ಬೇಡವೆಂದೆ. ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಉರಿ ಹೋದದ್ದು ಗುಣವಾಗಿ ಅಲ್ಲ, ನರ ಸತ್ತು ಎಂದೆ. ಮಾತ್ರೆ ಬಿಡಿಸಿದ್ದು ನನ್ನ ಪ್ರಾರ್ಥನೆ ಎಂದೆ. ಕಾರಿನಲ್ಲಿ ಕೂತು ಒಂದು ನಿಮಿಷದಲ್ಲಿ ಮುಗಿಸುತ್ತಿದ್ದೆ ಎಂಬುದನ್ನೂ ಹೇಳಿದೆ. ಸ್ತೋತ್ರ ಅನ್ನಬೇಕಾದ ಜಾಗದಲ್ಲಿ ಯಾರೂ ಅನ್ನಲಿಲ್ಲ.

ಗಂಡಸರ ಕಡೆಯಿಂದ ಒಬ್ಬರು ಎದ್ದರು. “ಹಂಗಾದ್ರೆ ಪ್ರಾರ್ಥನೆ ಸುಳ್ಳಾ ತಾಯಿ? ಅದನ್ನ ಹೇಳೋಕ್ ಬಂದ್ಯಾ ಅಷ್ಟು ದೂರದಿಂದ?”

“ಪ್ರಾರ್ಥನೆ ಸುಳ್ಳಲ್ಲಣ್ಣ. ನಾನು ಸುಳ್ಳಾಡ್ದೆ. ಮಾಡಬೇಕಾದ ಕೆಲಸ ಬಿಟ್ಟು ಪ್ರಾರ್ಥನೆ ಮಾಡ್ದೆ.”

ಅವರು ಕೂತರು. ಆಗ, ಹೋದ ವಾರ ನೀರಿನ ಚೊಂಬು ತಂದಿದ್ದ ಮುದುಕಿ ಕೂತಲ್ಲಿಂದಲೇ ಕಾಲು ಮುಂದಕ್ಕೆ ಚಾಚಿದಳು. “ನಂಗೂ ಶುಗರ್ ಐತೆ. ನಂಗೂ ಉರಿ ನಿಂತು ವರ್ಷ ಆಯ್ತಮ್ಮ. ನೋಡು ಒಂಚೂರು.”

ಚರ್ಚಿನ ಪೊರಕೆಯಿಂದ ಒಂದು ಮೆತ್ತನೆಯ ಕಡ್ಡಿ ಕಿತ್ತು ತುದಿ ಬಾಗಿಸಿಕೊಂಡೆ. “ಕಣ್ಣು ಮುಚ್ಕೊ ಅಜ್ಜಿ. ಮುಟ್ಟಿದ್ದು ಗೊತ್ತಾದಾಗ ಹೂಂ ಅನ್ನು.” ನಾನು ಅಜ್ಜಿಗೆ ಹೇಳಿದ್ದು. ಆದರೆ ಚರ್ಚಿನಲ್ಲಿ ಕಣ್ಣು ಮುಚ್ಚಿ ಎಂದರೆ ನಮ್ಮವರಿಗೆ ಒಂದೇ ಅರ್ಥ: ಪ್ರಾರ್ಥನೆ. ಸಭೆಯ ಅರ್ಧಕ್ಕರ್ಧ ಕಣ್ಣು ಮುಚ್ಚಿ ತಲೆಬಗ್ಗಿಸಿತು. ಯಾರೂ ನಗಲಿಲ್ಲ. ಒಬ್ಬರಾದ ಮೇಲೆ ಒಬ್ಬರು ಕಾಲು ಚಾಚಿದರು. ಮಂಡಿಯಲ್ಲೇ ತೆವಳಿಕೊಂಡು ಚಾಪೆಯಿಂದ ಚಾಪೆಗೆ ಹೋದೆ. ಬಿಸಿಲು ಬಾಗಿಲು ದಾಟಿ ಒಳಗೆ ಬಂತು. ಯಾರೂ ಊಟಕ್ಕೆ ಏಳಲಿಲ್ಲ.

ಕೊನೆಯ ಚಾಪೆಯಲ್ಲಿ ಅಮ್ಮ ಗೋಡೆಗೊರಗಿ ಕೂತಿದ್ದಳು. ಪಕ್ಕದವಳು ತಿವಿದಳು. “ಊರೋರ್ದೆಲ್ಲಾ ಆಯ್ತು, ನಿಮ್ಮಮ್ಮಂದು ನೋಡಲ್ವಾ ಡಾಕ್ಟ್ರಮ್ಮ?”

“ನಂದೇನಿದೆ, ಹೋಗೇ” ಎಂದು ಅಮ್ಮ ಸೀರೆಯೊಳಗೆ ಪಾದ ಎಳೆದುಕೊಂಡಳು.

ಹಿಂದಿನ ವಾರ ಅದೇ ರೀತಿ ನಿರಿಗೆ ಎಳೆದ ಅತ್ತೆಯ ಕೈಯನ್ನು ನಾನು ನೋಡಿದ್ದೆ. ಅಮ್ಮನಿಗೂ ಸಕ್ಕರೆ ಕಾಯಿಲೆ ಇದೆಯೇ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಅವಳ ಫೋನಿಗೆ ಕಳಿಸಿದ್ದೆಲ್ಲ ಬೇರೆಯವರಿಗಾಗಿಯೇ ಇತ್ತು.

“ಕಾಲು ಕೊಡಮ್ಮ” ಅಂದೆ. ಕೊಟ್ಟಳು. ಗಾಯವಿರಲಿಲ್ಲ. ಉಸಿರು ಬಿಟ್ಟೆ. ಕಣ್ಣು ಮುಚ್ಚಿಸಿದೆ. ಹೆಬ್ಬೆರಳ ಬುಡಕ್ಕೆ ಕಡ್ಡಿ ಮುಟ್ಟಿಸಿ ಕಾದೆ. ಅಂಗಾಲ ನಡುವಿಗೆ ಮುಟ್ಟಿಸಿ ಕಾದೆ. ಹಿಮ್ಮಡಿಗೆ ಒತ್ತಿದೆ, ಕಡ್ಡಿ ಬಾಗುವವರೆಗೆ.

ಅಮ್ಮ ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ ಇದ್ದಳು, ಪ್ರಾರ್ಥನೆಯಲ್ಲಿ ಮುಚ್ಚುವ ಹಾಗೆ.

“ಯಾಕೆ ಪಾಪ,” ಅಂದಳು, “ಇನ್ನೂ ಶುರು ಮಾಡಿಲ್ವಾ?”